ಹುಳಿಯ ಬೆನ್ನಿಗೆ ಬರುವ ಬೂಷ್ಟು

ಬೂಷ್ಟು ಹಿಡಿದ ಹುಲ್ಲು ತಿಂದರೆ ಹಸುವಿನ ಹೊಟ್ಟೆಯೊಳಗೂ ಬೂಷ್ಟು ಬೆಳೆಯುತ್ತದೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಬೆಳೆಯಬಹುದು, ಆದರೆ ತಪ್ಪು ಹುಲ್ಲಿನದೊಂದೇ ಅಲ್ಲ. ಶಿಲೀಂಧ್ರದ ಬೀಜಕಣಗಳು ಒಣಮೇವಿನ ಜೊತೆ ದಿನವೂ ಹೊಟ್ಟೆ ಸೇರುತ್ತಲೇ ಇರುತ್ತವೆ. ಒಳಪೊರೆ ನೆಟ್ಟಗಿದ್ದರೆ ಅಲ್ಲಿ ಬೇರೂರಲಾರವು. (ಬೂಷ್ಟು ಕಾರುವ ವಿಷದ ಕಥೆ ಬೇರೆ.)

ತೊಂದರೆಯ ಮೂಲ ಹಲವು ಸಲ ಮದುವೆಮನೆಯಲ್ಲಿ ಉಳಿದ ಅನ್ನ, ಇಲ್ಲವೇ ಹಗ್ಗ ಬಿಚ್ಚಿಕೊಂಡು ಹೋಗಿ ಬಾಯಿ ಹಾಕಿದ ಜೋಳದ ಚೀಲ. ಮೊದಲ ಹೊಟ್ಟೆಯಾದ ರೂಮೆನ್‌ಗೆ ಇಷ್ಟೊಂದು ಪಿಷ್ಟ ಒಮ್ಮೆಲೇ ಬಿದ್ದರೆ ಸ್ಟ್ರೆಪ್ಟೊಕಾಕಸ್ ಬೋವಿಸ್, ಅದರ ಹಿಂದೆಯೇ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಮಿತಿಮೀರಿ ಹೆಚ್ಚುತ್ತವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟನ್ನು ಹುಳಿ ಬರಿಸುವುದೂ ಇವುಗಳ ಬಳಗವೇ. ಹಿಟ್ಟು ಉಕ್ಕಿದರೆ ಫ್ರಿಜ್ಜಿಗೆ ಇಡುತ್ತೇವೆ; ಹಸುವಿನ ಹೊಟ್ಟೆ ಸದಾ 39 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. 6ರಿಂದ 7ರ ನಡುವೆ ಇರಬೇಕಾದ ಪಿಎಚ್ 5ಕ್ಕಿಂತ ಕೆಳಗೆ ಕುಸಿಯುತ್ತದೆ, ಒಳಪೊರೆ ಬೇಯಿಸಿದಂತೆ ಸುಲಿಯುತ್ತದೆ. ಮ್ಯೂಕರ್, ರೈಜೋಪಸ್, ಆಸ್ಪರ್ಜಿಲಸ್‌ಗಳಿಗೆ ಬೇಕಾದದ್ದು ಆ ಗಾಯವೇ.

ಹಾಗೆಂದು ರೂಮೆನ್‌ನಲ್ಲಿ ಶಿಲೀಂಧ್ರವೇ ಇರಬಾರದು ಎಂದುಕೊಳ್ಳಬೇಡಿ. ಅಲ್ಲಿ ಈಜಾಡುವ ಬಾಲವುಳ್ಳ ಜೀವಿಗಳನ್ನು ವಿಜ್ಞಾನಿಗಳು ದಶಕಗಳ ಕಾಲ ಪ್ರೊಟೊಜೋವಾ ಎಂದೇ ನಂಬಿದ್ದರು. ಅವು ಶಿಲೀಂಧ್ರದ ಚಲಿಸುವ ಬೀಜಕಣಗಳು ಎಂದು 1975ರಲ್ಲಿ ಕುರಿಯ ರೂಮೆನ್ ಪರೀಕ್ಷಿಸಿ ತೋರಿಸಿದವರು ಇಂಗ್ಲೆಂಡಿನ ಕಾಲಿನ್ ಆರ್ಪಿನ್. ಆಮ್ಲಜನಕವಿಲ್ಲದೆ ಬದುಕುವ ಶಿಲೀಂಧ್ರವೇ? ಅನೇಕರಿಗೆ ಇದು ನುಂಗಲಾರದ ತುತ್ತಾಗಿತ್ತು. ಒರಟು ಹುಲ್ಲಿನ ನಾರನ್ನು ಸೀಳಿ ಹಸುವಿಗೆ ಉಣಿಸುವ ನಿಯೋಕ್ಯಾಲಿಮ್ಯಾಸ್ಟಿಕ್ಸ್ ಇದೇ ಗುಂಪಿನದು. ನನಗಂತೂ ರೋಗಕ್ಕಿಂತ ಈ ಪತ್ತೇದಾರಿಯೇ ಹೆಚ್ಚು ರುಚಿಸುತ್ತದೆ.

ರೋಗದ ಶಿಲೀಂಧ್ರಗಳು ನೇರವಾಗಿ ರಕ್ತನಾಳಕ್ಕೆ ನುಗ್ಗುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆಚೆಗಿನ ಗೋಡೆ ಸಾಯುತ್ತದೆ. ಸತ್ತ ಹಸುವಿನ ಹೊಟ್ಟೆ ಬಿಚ್ಚಿದಾಗ ದಪ್ಪಗಾಗಿ ಕಪ್ಪುಗೆಂಪು ಬಣ್ಣಕ್ಕೆ ತಿರುಗಿದ, ಅಂಚು ಸ್ಪಷ್ಟವಾಗಿರುವ ಮಚ್ಚೆಗಳು ಹೊರಗಿನಿಂದಲೇ ಕಾಣುತ್ತವೆ. ಸೂಕ್ಷ್ಮದರ್ಶಕದಡಿ ಅಗಲವಾದ, ಅಡ್ಡಗೋಡೆಯಿಲ್ಲದ ಎಳೆಗಳು ಕಂಡರೆ ಮ್ಯೂಕರ್ ಬಳಗ. ಸಣ್ಣಗಿದ್ದು ಗೆಣ್ಣುಗಳಿದ್ದರೆ ಬಹುಶಃ ಆಸ್ಪರ್ಜಿಲಸ್. ರೋಗ ಖಚಿತವಾಗುವುದು ಬಹುತೇಕ ಹೀಗೆ, ಸತ್ತ ಮೇಲೆಯೇ.

ಬದುಕಿದ್ದಾಗ ಮೋಸ ಹೋಗುವುದು ಸುಲಭ. ಹುಳಿ ತಗ್ಗಿಸಲು ಅಡುಗೆ ಸೋಡಾ ಕುಡಿಸಿ, ಡ್ರಿಪ್ ಹಾಕಿದ ಮೇಲೆ ಹಸು ಎದ್ದು ನಿಂತು ಮೇವಿಗೆ ಮೂತಿ ಹಚ್ಚುತ್ತದೆ. ಕೆಲವು ದಿನ ಕಳೆದು ಮತ್ತೆ ಮೇವು ಬಿಟ್ಟು ಮಂಕಾದರೆ ಶಿಲೀಂಧ್ರವನ್ನು ಶಂಕಿಸಬೇಕು. ಬಾಯಿಯ ಮೂಲಕ ದಿನಗಟ್ಟಲೆ ಆ್ಯಂಟಿಬಯಾಟಿಕ್ ಕೊಟ್ಟರಂತೂ ಅದಕ್ಕೆ ಎದುರಾಳಿಗಳೇ ಉಳಿಯುವುದಿಲ್ಲ. ರಕ್ತದ ಜೊತೆ ಯಕೃತ್ತಿಗೂ ಹೋಗಬಲ್ಲದು. ಗಬ್ಬದ ಹಸುವಾದರೆ ಮಾಸಿಗೂ ತಲುಪಿ, ಕಂದು ಹಾಕಿಸಬಹುದು.