ಪಾಸ್‌ವರ್ಡನ್ನು ಕೋಡ್‌ನಲ್ಲಿ ಬರೆಯದೆ ಪ್ರೋಗ್ರಾಂ ಡೇಟಾಬೇಸ್ ತೆರೆಯುವುದು ಹೇಗೆ?

ಹಾಶಿಕಾರ್ಪ್ ಕಂಪನಿ 2015ರಲ್ಲಿ ಬಿಡುಗಡೆ ಮಾಡಿದ ವಾಲ್ಟ್‌ನಂಥ ಸರ್ವರ್‌ಗಳು ಪಾಸ್‌ವರ್ಡ್, ಎಪಿಐ ಕೀಲಿ ಮುಂತಾದ ಗುಟ್ಟುಗಳನ್ನು ಎನ್‌ಕ್ರಿಪ್ಟ್ ಮಾಡಿ ಕಾಪಿಡುತ್ತವೆ. ವಾಲ್ಟ್‌ನಲ್ಲಿ ಅವನ್ನು ಇಡಲು, ಪಡೆಯಲು ಎರಡು ದಾರಿಗಳಿವೆ. ಸಿಬ್ಬಂದಿ ಟರ್ಮಿನಲ್‌ನಲ್ಲಿ ‘ವಾಲ್ಟ್ ಲಾಗಿನ್’ ಮಾಡಿ, ‘ವಾಲ್ಟ್ ಕೆವಿ ಪುಟ್’ ಎಂದು ಗುಟ್ಟನ್ನು ಇಡುತ್ತಾರೆ, ‘ವಾಲ್ಟ್ ಕೆವಿ ಗೆಟ್’ ಎಂದು ತೆಗೆಯುತ್ತಾರೆ. ಪ್ರೋಗ್ರಾಂ ಅದೇ ಕೆಲಸವನ್ನು ಕ್ಲೈಂಟ್ ಲೈಬ್ರರಿಯ ಮೂಲಕ ಮಾಡುತ್ತದೆ. ಪೈಥಾನ್‌ನಲ್ಲಿ ಅದರ ಹೆಸರು ಎಚ್‌ವಿಎಸಿ. ಎರಡೂ ಕೊನೆಗೆ ಒಂದೇ ಎಚ್‌ಟಿಟಿಪಿ ಎಪಿಐಯನ್ನು ಕರೆಯುತ್ತವೆ. ಸರ್ವರ್ ಕರೆಯೊಂದಿಗೆ ಬಂದ ಗುರುತಿನ ಟೋಕನ್ ಪರಿಶೀಲಿಸಿ, ಅದಕ್ಕೆ ಅನುಮತಿಯಿರುವ ಗುಟ್ಟನ್ನಷ್ಟೇ ಕೊಡುತ್ತದೆ. ಡೇಟಾಬೇಸಿಗಾದರೆ, ಕೇಳಿದಾಗ ಹೊಸ ಪಾಸ್‌ವರ್ಡನ್ನೇ ಸೃಷ್ಟಿಸಿ, ಅವಧಿ ಮುಗಿದೊಡನೆ ರದ್ದುಮಾಡುವ ವ್ಯವಸ್ಥೆಯೂ ಉಂಟು. ಟರ್ಮಿನಲ್‌ನಲ್ಲಿ ಗುಟ್ಟನ್ನು ಇಡುವಾಗ ಕಮಾಂಡ್‌ನ ಸಾಲಿನಲ್ಲೇ ಪಾಸ್‌ವರ್ಡ್ ಟೈಪ್ ಮಾಡಿದರೆ ಅದು ಶೆಲ್‌ನ ಹಿಸ್ಟರಿಯಲ್ಲಿ ಉಳಿಯಬಹುದು. ಫೈಲ್‌ನಿಂದ ಓದಿಸುವುದು ಕ್ಷೇಮ.