ಹಾಡಿದ್ದು ಒಂದು ದಿನ, ಹಣ ತಲುಪಲು ವರ್ಷಗಳು

ರಾಕ್ ಸಂಗೀತವೆಂದರೆ ಕಿವಿಗಡಚಿಕ್ಕುವ ಗದ್ದಲವೆಂದು ಮೂಗು ಮುರಿಯುವವರುಂಟು. ಅದೇ ಸಂಗೀತ ನಿರಾಶ್ರಿತರ ಗೋಳಿಗೆ ದನಿಯಾದ ದಿನವೊಂದಿದೆ. ಅದು 1971ರ ಆಗಸ್ಟ್ 1.

ಪೂರ್ವ ಪಾಕಿಸ್ತಾನ ಆಗ ಬೆಂದುಹೋಗಿತ್ತು. 1970ರ ನವೆಂಬರ್‌ನಲ್ಲಿ ಚಂಡಮಾರುತ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತ್ತು. 1971ರ ಮಾರ್ಚ್ 25ರ ರಾತ್ರಿ ಸೇನೆಯ ದಮನ ಶುರುವಾಯಿತು. ಆ ವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು.

ಬಂಗಾಳಿ ಮನೆತನದ ಸಿತಾರ್ ವಾದಕ ಪಂಡಿತ್ ರವಿಶಂಕರ್ ಈ ಸುದ್ದಿಯಿಂದ ನೊಂದರು. ಕಛೇರಿ ನಡೆಸಿ 25 ಸಾವಿರ ಡಾಲರ್ ಕೂಡಿಸುವುದು ಅವರ ಆಸೆ. ಸಿತಾರ್ ಕಲಿಯಲು ತಮ್ಮ ಬಳಿ ಬಂದಿದ್ದ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ನೆರವು ಕೇಳಿದರು. ಬೀಟಲ್ಸ್ ಒಡೆದು ಆಗಿನ್ನೂ ಒಂದು ವರ್ಷವಾಗಿತ್ತು. ಹ್ಯಾರಿಸನ್ ಗೆಳೆಯರಿಗೆ ಒಬ್ಬೊಬ್ಬರಿಗೂ ಫೋನು ಮಾಡಿದರು. ರಿಂಗೊ ಸ್ಟಾರ್, ಎರಿಕ್ ಕ್ಲಾಪ್ಟನ್, ಬಿಲ್ಲಿ ಪ್ರೆಸ್ಟನ್, ಲಿಯಾನ್ ರಸೆಲ್ ಒಪ್ಪಿದರು. ವೇದಿಕೆಯಿಂದ ಬಹುತೇಕ ದೂರವಾಗಿದ್ದ ಬಾಬ್ ಡಿಲನ್ ಕೂಡ ಬಂದರು.

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ದಿನ ಎರಡು ಪ್ರದರ್ಶನ. ಒಟ್ಟು ಸುಮಾರು 40 ಸಾವಿರ ಪ್ರೇಕ್ಷಕರು. ಮೊದಲಿಗೆ ರವಿಶಂಕರ್ ಸಿತಾರ್, ಅಲಿ ಅಕ್ಬರ್ ಖಾನ್ ಸರೋದ್, ಅಲ್ಲಾ ರಖಾ ತಬಲಾ. ವಾದ್ಯಗಳ ಶ್ರುತಿ ಕೂಡಿಸಿ ಮುಗಿಸುತ್ತಿದ್ದಂತೆ ಸಭೆ ಭರ್ಜರಿ ಚಪ್ಪಾಳೆ ತಟ್ಟಿತು! ಶ್ರುತಿಯೇ ಇಷ್ಟು ಮೆಚ್ಚುಗೆಯಾದರೆ ವಾದನ ಇನ್ನೂ ಹಿಡಿಸೀತು ಎಂದು ರವಿಶಂಕರ್ ನಗೆಯಾಡಿದರು.

ಟಿಕೆಟ್ಟಿನಿಂದ ಬಂದದ್ದು ಸುಮಾರು 2 ಲಕ್ಷ 43 ಸಾವಿರ ಡಾಲರ್. ಅದು ಕೆಲವೇ ದಿನಗಳಲ್ಲಿ ಯೂನಿಸೆಫ್‌ಗೆ ಸಂದಿತು. ನಿಜವಾದ ದೊಡ್ಡ ಗಳಿಕೆ ಧ್ವನಿಮುದ್ರಿಕೆ ಮತ್ತು ಚಲನಚಿತ್ರದ್ದು. ಮೂರು ತಟ್ಟೆಗಳ ಆ ಧ್ವನಿಮುದ್ರಿಕೆಗೆ 1973ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೆ ತೊಡಕಾದದ್ದು ಇಲ್ಲೇ. ಅವಸರದಲ್ಲಿ ಕಾರ್ಯಕ್ರಮಕ್ಕೆ ಮುಂಚಿತವಾಗಿ ತೆರಿಗೆ ವಿನಾಯಿತಿ ಪಡೆದಿರಲಿಲ್ಲ. ಅಮೆರಿಕದ ತೆರಿಗೆ ಇಲಾಖೆ ತಕರಾರು ತೆಗೆಯಿತು. ಲಕ್ಷಾಂತರ ಡಾಲರ್ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ನಿರಾಶ್ರಿತರ ಹಸಿವು ಮಾತ್ರ ಕಡತ ವಿಲೇವಾರಿಯಾಗಲೆಂದು ಕಾಯಲಿಲ್ಲ.

ಹಾಗಾದರೆ ಕಛೇರಿ ಸೋತಿತೆ? ಹಾಗೆನ್ನಲಾಗದು. ಅಂದು ಬಾಂಗ್ಲಾದೇಶಕ್ಕೆ ಯಾವ ರಾಷ್ಟ್ರವೂ ಇನ್ನೂ ಮಾನ್ಯತೆ ನೀಡಿರಲಿಲ್ಲ. ಅಮೆರಿಕ ಸರ್ಕಾರವಂತೂ ಪಾಕಿಸ್ತಾನದ ಬೆನ್ನಿಗಿತ್ತು. ಅಂಥ ದೇಶದ ನಡುಮನೆಯಲ್ಲೇ ಆ ಹೆಸರಿನ ಕಛೇರಿ ನಡೆದು, ಅದು ಸಾಮಾನ್ಯ ಜನರ ಬಾಯಿಗೆ ಬಂತು. 1985ರ ‘ಲೈವ್ ಏಡ್’ನಂಥ ಬೃಹತ್ ಸಹಾಯಾರ್ಥ ಕಛೇರಿಗಳಿಗೆ ದಾರಿ ತೋರಿಸಿದ್ದೂ ಇದೇ. ಹಾಡುವವರು ಸಿಕ್ಕರಷ್ಟೇ ಸಾಲದು, ಲೆಕ್ಕ ಬರೆಯುವವರೂ ಮೊದಲ ದಿನದಿಂದ ಜತೆಗಿರಬೇಕೆಂಬ ಪಾಠವನ್ನೂ ಅದು ಉಳಿಸಿಹೋಯಿತು.