ಅಂಗೈಯಗಲದ ಹಕ್ಕಿ, ಬೆರಳುದ್ದದ ಹೂವು

ಕ್ರಿ.ಶ. 1612ರಲ್ಲಿ ಮುಕರ್ರಬ್ ಖಾನನೆಂಬ ಸರದಾರನು ಗೋವೆಯಿಂದ ಕೆಲವು ಅಪರೂಪದ ಪ್ರಾಣಿಪಕ್ಷಿಗಳನ್ನು ಕೊಂಡುತಂದು ಜಹಾಂಗೀರ್ ಬಾದಶಹನಿಗೆ ಒಪ್ಪಿಸಿದನು. ಅವುಗಳಲ್ಲೊಂದು ಟರ್ಕಿ ಕೋಳಿ. ಉದ್ರೇಕಗೊಂಡಾಗ ಅದರ ತಲೆ ಕತ್ತುಗಳು ಕೆಂಪಾಗಿ, ಬಿಳುಪಾಗಿ, ಮತ್ತೆ ನೀಲಿಯಾಗಿ ಬಣ್ಣ ಬದಲಿಸುವುದನ್ನು ಕಂಡು ಬಾದಶಹನು ಬೆರಗಾದನು. ತನ್ನ ಮುತ್ತಜ್ಜ ಬಾಬರನು ಎಷ್ಟೋ ಪ್ರಾಣಿಗಳನ್ನು ಬರಹದಲ್ಲಿ ಬಣ್ಣಿಸಿದನಾದರೂ ಅವುಗಳ ಚಿತ್ರ ಬರೆಯಿಸಲಿಲ್ಲವೆಂದೂ, ತಾನು ಅವೆರಡನ್ನೂ ಮಾಡಿಸುತ್ತಿರುವುದಾಗಿಯೂ ಆತನು ತನ್ನ ಆತ್ಮವೃತ್ತದಲ್ಲಿ ಹೇಳಿಕೊಂಡಿದ್ದಾನೆ. ಕೇಳಿದವರ ಬೆರಗು ನೋಡಿದಾಗ ಇನ್ನಷ್ಟು ಹೆಚ್ಚಲಿ ಎಂಬುದು ಆತನ ಆಶಯ. ಆ ಕೋಳಿಯ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಬರೆದವನು ಉಸ್ತಾದ್ ಮನ್ಸೂರ್.

ಮನ್ಸೂರನಿಗೆ ಬಾದಶಹನು ‘ನಾದಿರ್-ಉಲ್-ಅಸ್ರ್’, ಅಂದರೆ ಯುಗದ ಅದ್ಭುತ, ಎಂಬ ಬಿರುದನ್ನಿತ್ತಿದ್ದನು. 1620ರ ವಸಂತದಲ್ಲಿ ಕಾಶ್ಮೀರಕ್ಕೆ ಹೋದಾಗ ಅಲ್ಲಿನ ನೂರಕ್ಕೂ ಹೆಚ್ಚು ಹೂಗಳನ್ನು ಈತನಿಂದ ಬರೆಯಿಸಿದನಂತೆ. ಅವುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಆಲಿಗಢದ ಮೌಲಾನಾ ಆಜಾದ್ ಗ್ರಂಥಾಲಯದಲ್ಲಿರುವ ಕೆಂಪು ಟ್ಯೂಲಿಪ್ ಹೂವಿನ ಚಿತ್ರ ಬಹು ಪ್ರಸಿದ್ಧವಾದುದು. 1621ರಲ್ಲಿ ಅಬಿಸೀನಿಯದ ಕಡೆಯಿಂದ ಜೀಬ್ರಾವೊಂದು ಬಂದಿತು. ಅದರ ಪಟ್ಟೆಗಳು ಯಾರೋ ಬಳಿದ ಬಣ್ಣವಿರಬೇಕೆಂದು ಆಸ್ಥಾನಿಕರು ಶಂಕಿಸಿದರು. ಪರೀಕ್ಷಿಸಿದ ಮೇಲೆಯೇ ನಂಬಿದರು. ಮನ್ಸೂರನು ಅದನ್ನೂ ಬರೆದನು.

ಈ ಚಿತ್ರಗಳನ್ನು ಚೆಂದವೆಂದು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿರುವ ಸೈಬೀರಿಯದ ಬಿಳಿಯ ಕೊಕ್ಕರೆಯ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಿನವರೆಗೆ ಗರಿಯಿಲ್ಲದ ಕೆಂಪು ಚರ್ಮ, ಕಾಲಿನ ಸುಕ್ಕು, ಒಂದರ ಮೇಲೊಂದು ಒರಗಿದ ಬಿಳಿಯ ಗರಿಗಳು: ಎಲ್ಲವೂ ಅಲ್ಲಿವೆ. ಐರೋಪ್ಯ ವಿಜ್ಞಾನಿ ಪಲ್ಲಾಸನು ಈ ಹಕ್ಕಿಯನ್ನು ಶಾಸ್ತ್ರೀಯವಾಗಿ ವರ್ಣಿಸಿದ್ದು 1773ರಲ್ಲಿ; ನಮ್ಮ ಚಿತ್ರಕಾರನು ಅದಕ್ಕೆ ಸುಮಾರು ಒಂದೂವರೆ ಶತಮಾನ ಮೊದಲೇ ಅದನ್ನು ಬರೆದಿಟ್ಟಿದ್ದನು. ಪ್ರತಿ ಚಳಿಗಾಲದಲ್ಲಿಯೂ ಭರತಪುರದ ಕೆರೆಗಳಿಗೆ ಬರುತ್ತಿದ್ದ ಈ ಹಕ್ಕಿ 2001-02ರ ಚಳಿಗಾಲದ ಅನಂತರ ಅಲ್ಲಿಗೆ ಬಂದಿಲ್ಲ. ದಾರಿಯುದ್ದಕ್ಕೂ ಬೇಟೆ, ಬತ್ತಿದ ಜೌಗುನೆಲಗಳು ಅದಕ್ಕೆ ಕಾರಣವಾದವು. ದೆಹಲಿಯ ಕನ್ನಡಿಗರು ರಜೆಯಲ್ಲಿ ಭರತಪುರಕ್ಕೆ ಹೋದರೆ ಸಾರಸವನ್ನು ನೋಡಬಹುದು, ಬಾತುಗಳನ್ನು ನೋಡಬಹುದು. ಈ ಬಿಳಿಯ ಕೊಕ್ಕರೆಯನ್ನು ಮಾತ್ರ ಮನ್ಸೂರನ ಕಾಗದದಲ್ಲಿಯೇ ನೋಡಬೇಕು.

ಇಂತಹದೇ ಇನ್ನೊಂದು ನಿದರ್ಶನವುಂಟು. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಪತ್ನಿ ಮೇರಿ ಇಂಪೆ ತನ್ನ ತೋಟದಲ್ಲಿ ಪಶುಪಕ್ಷಿಗಳನ್ನು ಸಾಕಿಕೊಂಡಿದ್ದಳು. 1777ರಿಂದ ಮುಂದಿನ ಐದಾರು ವರ್ಷ ಪಾಟ್ನಾದ ಕಡೆಯ ಮೂವರು ಚಿತ್ರಕಾರರು, ಶೇಖ್ ಜೈನುದ್ದೀನ್, ಭವಾನಿದಾಸ್ ಮತ್ತು ರಾಮದಾಸ್, ಆಕೆಗಾಗಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದರು. ಅರ್ಧಕ್ಕಿಂತ ಹೆಚ್ಚು ಹಕ್ಕಿಗಳವೇ. ಕಾಗದ ಇಂಗ್ಲೆಂಡಿನದು, ಅಳತೆ ದೊಡ್ಡದು. ಆದರೆ ಗೆರೆಯ ನಯ ಮೊಗಲ್ ಕಿರುಚಿತ್ರದ್ದು. ಭವಾನಿದಾಸನು ಬರೆದ ನಸುಗೆಂಪು ತಲೆಯ ಬಾತುಕೋಳಿ ಆ ಕಾಲದಲ್ಲಿ ಗಂಗಾಬಯಲಿನ ಜೌಗುಗಳಲ್ಲಿತ್ತು. 20ನೆಯ ಶತಮಾನದ ಮಧ್ಯಭಾಗದಿಂದ ಈಚೆಗೆ ಅದನ್ನು ಖಚಿತವಾಗಿ ಕಂಡವರಿಲ್ಲ.

ನಮ್ಮ ನಾಡಿಗೂ ಈ ಕಥೆಯಲ್ಲಿ ಒಂದು ಪಾಲಿದೆ. 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿದ್ದ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ದಿನಕ್ಕೊಂದು ಗಿಡವನ್ನು ಗಮನಿಸುವ ವ್ರತ ಹಿಡಿದು, ಮರಾಠಿ ಚಿತ್ರಕಾರನೊಬ್ಬನಿಂದ ಅವುಗಳ ಚಿತ್ರಗಳನ್ನು ಬರೆಯಿಸಿದನು. ಮಲೆನಾಡಿನ ಸೆರಗಿನ ಆ ಗಿಡಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದ ಸಂಗ್ರಹದಲ್ಲಿ ಬಣ್ಣ ಮಾಸದೆ ಕುಳಿತಿವೆ. ಬರೆಯಿಸಿದ ವೈದ್ಯನ ಹೆಸರು ಪುಸ್ತಕಗಳಲ್ಲಿದೆ, ಬರೆದವನದು ಇಲ್ಲ.

ಇನ್ನು ನಮ್ಮ ಕಿಟಕಿಯ ಮಾತು. ಮಹಾನಗರದ ಮೂರನೆಯ ಮಹಡಿಯಲ್ಲಿ ಹಕ್ಕಿ ಎಲ್ಲಿಂದ ಬರಬೇಕು ಎಂದು ಕೇಳುವವರುಂಟು. ಮುಂಬಯಿಯ ಉಪನಗರಗಳಲ್ಲಾಗಲಿ, ಪುಣೆ, ಹೈದರಾಬಾದುಗಳಲ್ಲಾಗಲಿ, ಒಂದು ಮರವಿರುವ ಓಣಿಯಲ್ಲಿ ಒಂದು ವಾರ ಬೆಳಗಿನ ಕಾಫಿಯ ಹೊತ್ತಿಗೆ ಕಿಟಕಿಯ ಬಳಿ ಕುಳಿತು ನೋಡಿದರೆ ಪಿಕಳಾರ, ಗೊರವಂಕ, ಮಡಿವಾಳ ಹಕ್ಕಿ, ಸೂರಕ್ಕಿ, ಇಷ್ಟಾದರೂ ಕಾಣುತ್ತವೆ. ಹಕ್ಕಿ ನಮಗಾಗಿ ಅಲುಗಾಡದೆ ಕುಳಿತುಕೊಳ್ಳುವುದಿಲ್ಲ, ನಿಜ. ಆದರೆ ಅದಕ್ಕೂ ನಮ್ಮಂತೆಯೇ ಅಭ್ಯಾಸಗಳಿವೆ: ಅದೇ ತಂತಿ, ಅದೇ ಕೊಂಬೆ, ಹೆಚ್ಚುಕಡಿಮೆ ಅದೇ ವೇಳೆ. ಒಂದೇ ಹಾಳೆಯ ಮೇಲೆ ಐದಾರು ಭಂಗಿಗಳ ಗೆರೆಗಳನ್ನು ಆರಂಭಿಸಿಡಿ. ಹಕ್ಕಿ ಯಾವ ಭಂಗಿಗೆ ಮರಳುತ್ತದೋ ಆ ಗೆರೆಯನ್ನು ಮುಂದುವರಿಸಿ. ಮೊಬೈಲಿನ ಛಾಯಾಚಿತ್ರ ನೋಡಿ ಬರೆಯುವುದು ಸುಲಭವೇ; ಆದರೆ ನೆರಳಿನಲ್ಲಿ ಮುಳುಗಿದ ಗರಿಯನ್ನು ಅದು ಬರಿಯ ಕಪ್ಪಾಗಿಸುತ್ತದೆ, ಬರೆಯುವವರೂ ಹಾಗೆಯೇ ಬರೆದುಬಿಡುತ್ತಾರೆ. ನಮ್ಮ ಊರಕಾಗೆಯ ಕತ್ತು ಬೂದುಬಣ್ಣದ್ದೆಂಬುದನ್ನು ಎಷ್ಟು ಜನ ಗಮನಿಸಿದ್ದಾರೆ?

ಹೂವಿಗೆ ಇನ್ನೊಂದು ಬಗೆಯ ಅವಸರ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಆದ್ದರಿಂದ ಮೊದಲು ಎಸಳಿನ ಬಣ್ಣ, ಆಮೇಲೆ ಉಳಿದದ್ದು. ಐದು ಎಸಳುಗಳ ನಡುವಿನಿಂದ ಚಾಚಿದ ಕೇಸರದ ಕೊಳವೆ, ಅದರ ತುದಿಯಲ್ಲಿ ಐದಾಗಿ ಒಡೆದ ಶಲಾಕಾಗ್ರ. ದೇವರ ಪೂಜೆಗೆ ನಿತ್ಯವೂ ಕೊಯ್ದ ಹೂವಾದರೂ ಬರೆಯಲು ಕುಳಿತಾಗಲೇ ಅದು ಕಣ್ಣಿಗೆ ಬೀಳುವುದು.

ಸಲಕರಣೆಗಳಿಗೆ ಹೆಚ್ಚು ಖರ್ಚು ಬೇಕಿಲ್ಲ. ಹಳೆಯ ಚಿತ್ರಕಾರರು ಕಾಗದದ ಪದರಗಳನ್ನು ಅಂಟಿನಿಂದ ಕೂಡಿಸಿ, ಅಗೇಟ್ ಕಲ್ಲಿನಿಂದ ಉಜ್ಜಿ ನುಣುಪಾಗಿಸುತ್ತಿದ್ದರು. ಅಳಿಲಿನ ಕೂದಲಿನ ಕುಂಚವನ್ನು ಬಳಸುತ್ತಿದ್ದರು. ನಮಗೆ ದಪ್ಪನೆಯ ಹತ್ತಿ ಕಾಗದದ ನಾಲ್ಕು ಅಂಗುಲದ ತುಂಡು ಸಾಕು. ಕಿರುಚಿತ್ರವೆಂದೊಡನೆ ಎಲ್ಲರೂ ಅತಿ ಸಣ್ಣ ಕುಂಚವನ್ನು ಕೊಳ್ಳುತ್ತಾರೆ. ಅದರಲ್ಲಿ ನೀರು ನಿಲ್ಲುವುದಿಲ್ಲ, ಗೆರೆ ನಡುವೆಯೇ ಒಣಗುತ್ತದೆ. ತುದಿ ಚೂಪಾಗಿರುವ ಎರಡು ಅಥವಾ ಮೂರನೆಯ ನಂಬರಿನ ಕುಂಚವೇ ಮೇಲು. ಮೊಗಲರ ಬಣ್ಣ ಬಹುಮಟ್ಟಿಗೆ ದಟ್ಟವಾದದ್ದು; ತೆಳುವಾದ ಜಲವರ್ಣದಲ್ಲಾದರೆ ಬಿಳುಪೆಂದರೆ ಕಾಗದವೇ, ಅದನ್ನು ಬಿಟ್ಟುಕೊಂಡು ಬರೆಯಬೇಕು. ಗಂಡು ಸೂರಕ್ಕಿಯ ಮಿನುಗುವ ನೀಲಿಗೆ ಒಂದು ಪದರ ನೀಲಿ ಬಳಿದು, ಪೂರ್ತಿ ಒಣಗಿದ ಮೇಲೆ ನೇರಳೆಯ ತೆಳುಪದರ ಕೊಟ್ಟು, ನಡುವೆ ಕೂದಲೆಳೆಯಷ್ಟು ಕಾಗದವನ್ನು ಬರಿದಾಗಿ ಬಿಡುವುದು ಒಂದು ಉಪಾಯ.

ಆರೋಗ್ಯದ ದೃಷ್ಟಿಯಿಂದ ಕೆಲವು ಮಾತುಗಳನ್ನು ಹೇಳಲೇಬೇಕು. ಕುಂಚದ ತುದಿಯನ್ನು ಚೂಪಾಗಿಸಲು ತುಟಿಗಿಡುವ ಅಭ್ಯಾಸ ಬಹಳ ಹಳೆಯದು, ಬಹಳ ಕೆಟ್ಟದ್ದು. ಹಿಂದಿನ ಹಳದಿ ಹರಿದಾಳದಲ್ಲಿ ಇದ್ದದ್ದು ಪಾಷಾಣ, ಇಂಗಳೀಕದಲ್ಲಿ ಪಾದರಸ, ಕೆಲವು ಬಿಳುಪಿನಲ್ಲಿ ಸೀಸ. ಇಂದಿನ ಕೊಳವೆಗಳ ಬಣ್ಣಗಳಲ್ಲಿಯೂ ಕ್ಯಾಡ್ಮಿಯಂ, ಕೋಬಾಲ್ಟುಗಳು ಇರುವುದುಂಟು. ಅಮೆರಿಕದ ನ್ಯೂಜೆರ್ಸಿಯಲ್ಲಿ 1917ರಿಂದೀಚೆಗೆ ಗಡಿಯಾರದ ಮುಖಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ತರುಣಿಯರು ಕುಂಚವನ್ನು ತುಟಿಯಲ್ಲಿಯೇ ಚೂಪುಮಾಡುತ್ತಿದ್ದರು. ದವಡೆಯ ಮೂಳೆ ಕೊಳೆತು ಹಲವರು ಸತ್ತರು. ನಮ್ಮ ಬಣ್ಣದಲ್ಲಿ ರೇಡಿಯಂ ಇಲ್ಲ. ಆದರೂ ಕುಂಚವನ್ನು ಬಟ್ಟೆಯ ಮೇಲೆ ಹೊರಳಿಸಿ ಚೂಪುಮಾಡುವುದನ್ನು ಮಕ್ಕಳಿಗೂ ಮೊದಲ ದಿನವೇ ಕಲಿಸಬೇಕು. ಬಣ್ಣದ ನೀರಿನ ಲೋಟವೂ ಕಾಫಿಯ ಲೋಟವೂ ಒಂದೇ ಮೇಜಿನ ಮೇಲೆ ಇರಕೂಡದು. ಏಕೆಂದು ಅನುಭವಸ್ಥರು ಬಲ್ಲರು!

ನಲವತ್ತು ದಾಟಿದವರಿಗೆ ಚಾಳೀಸು ತಪ್ಪಿದ್ದಲ್ಲ. ಎರಡು ಭಾಗದ ಕನ್ನಡಕದಲ್ಲಿ ಕೆಳಗಿನ ತುಂಡಿನಿಂದ ನೋಡುವುದಕ್ಕಾಗಿ ಗಲ್ಲ ಮೇಲೆತ್ತಿ ಕುಳಿತು ಕತ್ತು ನೋಯಿಸಿಕೊಳ್ಳುವುದಕ್ಕಿಂತ ಹತ್ತಿರದ ನೋಟಕ್ಕೇ ಬೇರೊಂದು ಕನ್ನಡಕವನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಹಲಗೆಯನ್ನು ಸ್ವಲ್ಪ ಓರೆಯಾಗಿಟ್ಟರೆ ಬೆನ್ನು ಬಾಗುವುದು ತಪ್ಪುತ್ತದೆ. ಬಲಗೈಯವರಿಗೆ ಬೆಳಕು ಎಡದಿಂದ ಬರಲಿ. ಸೂಕ್ಷ್ಮ ಕೆಲಸದಲ್ಲಿ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ಮರವನ್ನು ನೋಡಬೇಕು. ಹಕ್ಕಿ ಬರೆಯುವವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಹಿರಿಯರ ಚಿತ್ರಗಳಲ್ಲಿ ಮನೆಯವರು ಗಮನಿಸಬೇಕಾದ ಒಂದು ಸೂಚನೆಯಿದೆ. ಕಣ್ಣಿನ ಮಸೂರ ವಯಸ್ಸಿನೊಂದಿಗೆ ಹಳದಿಯಾಗುತ್ತ ಬಂದಂತೆ ನೀಲಿ, ನೇರಳೆಗಳು ಮಂಕಾಗಿ ಕಾಣುತ್ತವೆ. ಫ್ರಾನ್ಸಿನ ಪ್ರಖ್ಯಾತ ಚಿತ್ರಕಾರ ಕ್ಲೋದ್ ಮೊನೆಗೆ 1912ರಲ್ಲಿ ಕಣ್ಣಿನ ಪೊರೆಯಿರುವುದು ಗೊತ್ತಾಯಿತು. ಹೆದರಿ ಮುಂದೂಡುತ್ತ ಬಂದು 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡನು. ಆ ನಡುವಿನ ಕೊಳ, ತೋಟಗಳ ಚಿತ್ರಗಳಲ್ಲಿ ಕೆಂಪು ಕಂದುಗಳು ಮುಸುಕಿದವು. ಅಜ್ಜ ಬರೆದ ಶಂಖಪುಷ್ಪ ಬರಬರುತ್ತ ಬೂದಾಗುತ್ತಿದ್ದರೆ ಅದನ್ನು ಹೊಸ ಶೈಲಿಯೆಂದು ಮೆಚ್ಚಿ ಸುಮ್ಮನಿರದೆ ನೇತ್ರವೈದ್ಯರ ಬಳಿಗೆ ಕರೆದೊಯ್ಯಿರಿ. ಇಂದು ಆ ಚಿಕಿತ್ಸೆ ಅರ್ಧ ದಿನದ ಕೆಲಸ.

ಮಾದರಿ ಬೇಕೆಂದು ಕಿಟಕಿಯಲ್ಲಿ ಕಾಳು ಚೆಲ್ಲಿ ಪಾರಿವಾಳಗಳನ್ನು ಕರೆಯುವುದು ಮಾತ್ರ ಬೇಡ. ಒಣಗಿದ ಅವುಗಳ ಹಿಕ್ಕೆಯ, ಗರಿಯ ಧೂಳು ಕೆಲವರ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಒಂದು ಬಟ್ಟಲು ನೀರು ಇಟ್ಟರೆ ಪಿಕಳಾರವೇ ಬರುತ್ತದೆ; ನೀರನ್ನು ದಿನವೂ ಬದಲಿಸಿ.

ಚಿತ್ರ ಮುಗಿದ ಮೇಲೆ ಕೆಳಗೆ ತಾರೀಖು, ವೇಳೆ, ಸ್ಥಳಗಳನ್ನು ಬರೆಯುವುದನ್ನು ಮರೆಯಬಾರದು. ಗಂಡು ಸೂರಕ್ಕಿ ಸಂತಾನಕಾಲ ಕಳೆದ ಮೇಲೆ ನೀಲಿಯನ್ನು ಕಳಚಿ ಹೆಣ್ಣಿನಂತೆ ಹಳದಿಯಾಗಿ, ಎದೆಯ ಮೇಲೆ ಒಂದು ಕಪ್ಪು ಪಟ್ಟೆಯನ್ನಷ್ಟೇ ಉಳಿಸಿಕೊಳ್ಳುತ್ತದೆ. ತಾರೀಖಿಲ್ಲದಿದ್ದರೆ ಅವೆರಡೂ ಬೇರೆ ಬೇರೆ ಹಕ್ಕಿಗಳೆನಿಸಿಬಿಡುತ್ತವೆ. ಜೊತೆಗೆ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಅಜ್ಜಿ ಪಿಕಳಾರವೆನ್ನುತ್ತಾಳೆ, ಇಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳು ಬುಲ್‌ಬುಲ್ ಎನ್ನುತ್ತಾಳೆ. ಎರಡೂ ಹೆಸರುಗಳು ಒಂದರ ಕೆಳಗೊಂದು ಇರಲಿ. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದರಿಂದ ಚಿತ್ರಗಳನ್ನು ಹೊರಗೋಡೆಗೆ ತೂಗುಹಾಕದೆ, ಆಮ್ಲವಿಲ್ಲದ ಹಾಳೆಗಳ ನಡುವೆ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಮಳೆಗಾಲ ಕಳೆದ ಮೇಲೊಮ್ಮೆ ತೆಗೆದು ನೆರಳಿನಲ್ಲಿ ಗಾಳಿಯಾಡಿಸಿರಿ.